ಅಜೀವಾಧಿಕರಣ: ಅನಿಲ ಸಂವೇದಕದೊಳಗಿನ ಆಮ್ಲವೂ ಪ್ರಮಾದದ ಪ್ರಶ್ನೆಯೂ

ಜೀವವಿಲ್ಲದ ವಸ್ತುವಿನಿಂದ ಒಬ್ಬರಿಗೆ ಕೇಡಾದಾಗ ಆ ಕೇಡಿನ ಹೊಣೆ ಎಲ್ಲಿ ನಿಲ್ಲುತ್ತದೆ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು. ವಸ್ತುವಿಗೆ ಉದ್ದೇಶವಿರುವುದಿಲ್ಲ, ಅದನ್ನು ಮಾಡಿದವರಿಗಾಗಲಿ ಮಾರಿದವರಿಗಾಗಲಿ ಬಳಸಿದವರಿಗಾಗಲಿ ಯಾರನ್ನೂ ನೋಯಿಸುವ ಮನಸ್ಸಿರಲಿಲ್ಲ, ಆದರೂ ಒಬ್ಬ ಮನುಷ್ಯನ ಕಣ್ಣು ಸುಟ್ಟಿದೆ ಎಂದಾದರೆ ಅದನ್ನು ಹಿಂಸೆ ಎನ್ನಬೇಕೆ, ಆಕಸ್ಮಿಕ ಎನ್ನಬೇಕೆ, ಅಥವಾ ಜನ ಬೇಸತ್ತು ಹೇಳುವಂತೆ ಹಣೆಬರಹ ಎನ್ನಬೇಕೆ ಎಂಬುದು ಸುಲಭಕ್ಕೆ ಬಗೆಹರಿಯುವುದಿಲ್ಲ. ಈ ಪ್ರಶ್ನೆಯನ್ನು ಅತ್ಯಂತ ಬಿಡಿಸಿ ನೋಡಿದ ದರ್ಶನ ಜೈನ ದರ್ಶನ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವವನ್ನು, ಎಂದರೆ ಕರ್ಮವು ಆತ್ಮದ ಕಡೆಗೆ ಹರಿದುಬರುವ ಬಗೆಯನ್ನು ವಿವರಿಸುವಾಗ, ಆ ಹರಿವಿಗೆ ಎರಡು ಅಧಿಕರಣಗಳನ್ನು, ಎಂದರೆ ಆಧಾರಗಳನ್ನು ಹೇಳುತ್ತದೆ: ಒಂದು ಜೀವ, ಇನ್ನೊಂದು ಅಜೀವ. ಮನುಷ್ಯನ ಮನಸ್ಸು, ಮಾತು, ಮೈಗಳಷ್ಟೇ ಅಲ್ಲ, ಅವನು ತಯಾರಿಸುವ, ಇಡುವ, ಜೋಡಿಸುವ, ಹೊರಚೆಲ್ಲುವ ಜಡ ವಸ್ತುಗಳೂ ಹಿಂಸೆಗೆ ನೆಲೆಯಾಗುತ್ತವೆ ಎಂಬ ಈ ಮಾತು ಪ್ರಯೋಗಾಲಯ, ಕಾರ್ಖಾನೆ, ಆಸ್ಪತ್ರೆಗಳಿಂದ ತುಂಬಿದ ಕಾಲಕ್ಕೆ ಹೆಚ್ಚು ಒಪ್ಪುತ್ತದೆ.

ಈ ಸೂತ್ರಗಳಿಗೆ ದಿಗಂಬರ ಪರಂಪರೆಯಲ್ಲಿ ಉಳಿದುಬಂದಿರುವ ಅತಿ ಹಳೆಯ ವ್ಯಾಖ್ಯಾನ ಸರ್ವಾರ್ಥಸಿದ್ಧಿ. ಅದನ್ನು ಬರೆದ ಪೂಜ್ಯಪಾದರು, ದೇವನಂದಿ ಎಂಬ ಹೆಸರೂ ಇದ್ದವರು, ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯಲ್ಲಿ ತಪಸ್ಸು ಮಾಡಿದರೆಂದು ಪರಂಪರೆ ನಂಬಿದೆ. ಅವರ ಪಾದುಕೆಗಳು ಆ ಬೆಟ್ಟದ ಮೇಲೆ ಇಂದಿಗೂ ಪೂಜೆಗೊಳ್ಳುತ್ತಿವೆ. ಪೂಜ್ಯಪಾದರು ವೈದ್ಯವನ್ನೂ ಬಲ್ಲವರಾಗಿದ್ದರೆಂಬ ಸಂಗತಿ ಇಲ್ಲಿ ವಿಶೇಷವಾಗಿ ನೆನೆಯಬೇಕಾದದ್ದು: ಕಲ್ಯಾಣಕಾರಕವೆಂಬ ವೈದ್ಯಗ್ರಂಥದಲ್ಲಿ ಉಗ್ರಾದಿತ್ಯನು ಶಾಲಾಕ್ಯವನ್ನು, ಎಂದರೆ ಕಣ್ಣು, ಕಿವಿ, ಮೂಗು, ಗಂಟಲುಗಳ ಚಿಕಿತ್ಸೆಯನ್ನು ಕುರಿತು ಬರೆದವರೆಂದು ಅವರನ್ನು ಸ್ಮರಿಸಿದ್ದಾನೆ. ಕಣ್ಣಿನ ನೋವನ್ನು ಅರಿತಿದ್ದವರೊಬ್ಬರು ವಸ್ತುವನ್ನು ಹೇಗೆ ಎತ್ತಬೇಕು, ಎಲ್ಲಿ ಇಡಬೇಕು ಎಂಬುದರ ಮೇಲೆ ಇಷ್ಟು ಕಟ್ಟುನಿಟ್ಟಾಗಿ ಯೋಚಿಸಿದ್ದರೆಂಬುದನ್ನು ಬರಿಯ ಕಾಕತಾಳೀಯವೆಂದು ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಅಜೀವಾಧಿಕರಣದ ಈ ವಿಚಾರವನ್ನು ಪರೀಕ್ಷಿಸಲು ಅನಿಲ ಸಂವೇದಕದಷ್ಟು ತಕ್ಕ ವಸ್ತು ಮತ್ತೊಂದು ಸಿಗುವುದು ಕಷ್ಟ. ಬಳಕೆಯಲ್ಲಿ ಗ್ಯಾಸ್ ಸೆನ್ಸರ್ ಎಂದೇ ಕರೆಯುವ ಈ ಸಾಧನ ಇರುವುದೇ ಪ್ರಾಣವನ್ನು ಕಾಯುವುದಕ್ಕಾಗಿ. ಆದರೆ ಅದರ ಹೊಟ್ಟೆಯಲ್ಲಿರುವುದು ಮೈಯನ್ನು ಸುಟ್ಟು ಕೊರೆಯುವ ದ್ರವ. ಗಾಳಿಯನ್ನು ಪರೀಕ್ಷಿಸಿ ಪ್ರಾಣ ಉಳಿಸಿಕೊಳ್ಳುವ ಜಾಣ್ಮೆ ಈ ಸೀಮೆಗೆ ಹೊಸತಲ್ಲ. ಹಳೆ ಮೈಸೂರು ಭಾಗದ ಊರುಗಳಲ್ಲಿ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಕಾಳು ಉಸಿರಾಡುತ್ತ ಒಳಗಿನ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತಿದ್ದುದರಿಂದ, ಹಗೇವನ್ನು ತೆರೆದ ಕೂಡಲೇ ಇಳಿದವರು ಉಸಿರುಕಟ್ಟಿ ಸಾಯುವ ಭಯವಿತ್ತು. ಆದ್ದರಿಂದ ಮೊದಲು ಗಾಳಿಯಾಡಲು ಬಿಟ್ಟು, ಆಮೇಲೆ ಹಚ್ಚಿದ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ನಂದದೆ ಉರಿದರೆ ಮಾತ್ರ ಆಳು ಇಳಿಯುವುದು ವಾಡಿಕೆಯಾಗಿತ್ತು. ಗಾಳಿಯಲ್ಲಿ ಸಾಮಾನ್ಯವಾಗಿ ಶೇ. 20.9ರಷ್ಟಿರುವ ಆಮ್ಲಜನಕ ಶೇ. 16ರ ಸುಮಾರಿಗೆ ಇಳಿದಾಗ ದೀಪದ ಕುಡಿ ನಂದುತ್ತದೆ. ಆದರೆ ದೀಪಕ್ಕೆ ಒಂದು ಮಿತಿಯಿದೆ: ಹೈಡ್ರೋಜನ್ ಸಲ್ಫೈಡಾಗಲಿ ಕಾರ್ಬನ್ ಮೊನಾಕ್ಸೈಡಾಗಲಿ ಇದ್ದರೆ ದೀಪ ಉರಿಯುತ್ತಲೇ ಇರಬಹುದು, ಮನುಷ್ಯ ಮಾತ್ರ ಬಿದ್ದಿರುತ್ತಾನೆ. ಕೊಳೆತ ಮೊಟ್ಟೆಯ ನಾತವಿರುವ ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗದ ಸುಮಾರಿಗೆ ಏರಿದಾಗ ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ, ನಾತ ಹೋಯಿತೆಂದು ಧೈರ್ಯದಿಂದ ಮುಂದುವರಿದವರೇ ಸಾಯುತ್ತಾರೆ. ಮ್ಯಾನ್‌ಹೋಲಿಗೆ, ಮಲಗುಂಡಿಗೆ ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ನಿಯಮಗಳು ಒದಗಿಸಬೇಕಾದ ಸುರಕ್ಷಾ ಸಾಧನಗಳ ಪಟ್ಟಿಯಲ್ಲಿ ನಾಲ್ಕು ಅನಿಲಗಳನ್ನು ಅಳೆಯುವ ಯಂತ್ರವನ್ನೂ ಸೇರಿಸಿರುವುದು ಈ ಕಾರಣಕ್ಕೇ.

ಅಂಥ ಯಂತ್ರದೊಳಗೆ ವಿಷಾನಿಲವನ್ನು ಅಳೆಯುವ ಸೆಲ್ ಸಾಮಾನ್ಯವಾಗಿ 20 ಮಿಲಿಮೀಟರ್ ವ್ಯಾಸದ ಒಂದು ಪ್ಲಾಸ್ಟಿಕ್ ಡಬ್ಬಿ. ಅದರ ಬಾಯಿಯಲ್ಲಿ ಗಾಳಿಯನ್ನು ಒಳಬಿಟ್ಟು ದ್ರವವನ್ನು ಹೊರಬಿಡದ ತೆಳು ಪೊರೆ, ಅದರ ಹಿಂದೆ ಪ್ಲಾಟಿನಂನಂಥ ಲೋಹ ಲೇಪಿಸಿದ ವಿದ್ಯುದ್ವಾರಗಳು, ಅವುಗಳ ನಡುವೆ ವಿದ್ಯುದ್ವಿಭಾಜ್ಯ, ಎಂದರೆ ವಿದ್ಯುತ್ ಕಣಗಳನ್ನು ಆಚೀಚೆ ಸಾಗಿಸುವ ದ್ರವ ಇರುತ್ತವೆ. ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಮೊದಲಾದವನ್ನು ಗುರುತಿಸುವ ಬಹುಪಾಲು ಸೆಲ್‌ಗಳಲ್ಲಿ ಆ ದ್ರವವು ಗಾಢ ಸಲ್ಫ್ಯೂರಿಕ್ ಆಮ್ಲ, ಹಳಬರ ಮಾತಿನಲ್ಲಿ ಗಂಧಕಾಮ್ಲ. ಆಮ್ಲಜನಕವನ್ನು ಅಳೆಯುವ ಹಳೆಯ ಮಾದರಿಯ ಸೆಲ್ ಬೇರೆ ಬಗೆಯದು: ಅದರಲ್ಲಿ ಸೀಸದ ಒಂದು ವಿದ್ಯುದ್ವಾರವೂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಕ್ಷಾರವೂ ಇದ್ದು, ಒಳಬಂದ ಆಮ್ಲಜನಕದೊಡನೆ ವರ್ತಿಸಿ ಸೀಸ ನಿಧಾನವಾಗಿ ಸೀಸದ ಆಕ್ಸೈಡಾಗುತ್ತ ಹೋಗುತ್ತದೆ, ಆ ಕ್ರಿಯೆಯಲ್ಲಿ ಹುಟ್ಟುವ ವಿದ್ಯುತ್ತೇ ಆಮ್ಲಜನಕದ ಅಳತೆಯಾಗುತ್ತದೆ. ಕೆಲವು ವೈದ್ಯಕೀಯ ಸೆಲ್‌ಗಳಲ್ಲಿ ಕ್ಷಾರದ ಬದಲು ದುರ್ಬಲ ಆಮ್ಲದ ದ್ರಾವಣವಿರುತ್ತದೆ, ಸೀಸ ಮಾತ್ರ ಅಲ್ಲಿಯೂ ತಪ್ಪುವುದಿಲ್ಲ. ಅರಿವಳಿಕೆಯ ಯಂತ್ರ, ವೆಂಟಿಲೇಟರ್ ಮುಂತಾದವುಗಳ ಹಲವು ಮಾದರಿಗಳಲ್ಲಿ ರೋಗಿಗೆ ಹೋಗುವ ಆಮ್ಲಜನಕದ ಪ್ರಮಾಣವನ್ನು ಹೇಳುವುದು ಇಂಥ ಸೆಲ್ಲೇ. ಆಮ್ಲಜನಕವನ್ನು ಕಂಡ ಗಳಿಗೆಯಿಂದ ಅದು ಸವೆಯುತ್ತ ಹೋಗುವುದರಿಂದ ಅದರ ಆಯುಷ್ಯ ಒಂದೆರಡು ವರ್ಷ. ವಿಷಾನಿಲದ ಸೆಲ್ಲಿನದು ಎರಡು ಮೂರು ವರ್ಷ.

ಇಲ್ಲಿ ಅತಿಶಯೋಕ್ತಿ ಸಲ್ಲದು. ಡಬ್ಬಿ ಒಡೆಯದೆ ಇರುವವರೆಗೆ ಒಳಗಿನ ದ್ರವದಿಂದ ಯಾರಿಗೂ ಅಪಾಯವಿಲ್ಲ, ಒಳಗಿರುವುದೂ ಕೆಲವೇ ಮಿಲಿಲೀಟರು, ಹಲವು ಸೆಲ್‌ಗಳಲ್ಲಿ ಅದಕ್ಕಿಂತ ಕಡಿಮೆ. ಆದರೆ ಡಬ್ಬಿ ಒಡೆಯುವ ಬಗೆಗಳನ್ನು ತಿಳಿದಿರಬೇಕು. ಸಲ್ಫ್ಯೂರಿಕ್ ಆಮ್ಲ ಗಾಳಿಯ ತೇವವನ್ನು ಹೀರುವ ಗುಣದ್ದಾದ್ದರಿಂದ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಮುಂಗಾರಿನ ತಿಂಗಳುಗಳಂಥ ತೇವದ ಹವೆಯಲ್ಲಿ ಬಹುಕಾಲ ತೆರೆದಿಟ್ಟ ಸೆಲ್ ನೀರು ಕುಡಿದು ಉಬ್ಬಬಹುದು. ಬೇಸಿಗೆಯ ಒಣ ಸೆಕೆಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಜೀಪಿನ ಮುಂಭಾಗದಲ್ಲಿ ಬಿಟ್ಟ ಸೆಲ್ ನೀರು ಕಳೆದುಕೊಂಡು ಒಳಗಿನ ಆಮ್ಲ ಮತ್ತಷ್ಟು ಗಾಢವಾಗಬಹುದು. ಆಮ್ಲಜನಕದ ಸೆಲ್ಲಿನಲ್ಲಿ ಸೀಸ ಆಕ್ಸೈಡಾಗುತ್ತ ಗಾತ್ರದಲ್ಲಿ ಹಿಗ್ಗುವುದರಿಂದ ಅವಧಿ ಮೀರಿದ ಸೆಲ್ಲಿನ ಹೊರಕವಚ ಬಿರಿಯುವ ಸಾಧ್ಯತೆಯಿದೆ. ಮೇಲಿನಿಂದ ಬಿದ್ದರೆ, ಕುತೂಹಲಕ್ಕೆ ಚಾಕುವಿನಿಂದ ಬಿಚ್ಚಿದರೆ, ಒಳಗಿನ ಲೋಹದ ಆಸೆಗೆ ಜಜ್ಜಿದರೆ ದ್ರವ ಹೊರಬರುತ್ತದೆ. ಹೊರಬಂದದ್ದು ಮನುಷ್ಯನ ಮೈಗೆ ತಾಗುವ ಮೊದಲು ಯಂತ್ರದ ಒಳಗಿನ ವಿದ್ಯುತ್ ಹಲಗೆಯನ್ನು ತಿನ್ನಬಹುದೆಂಬುದು ಹೆಚ್ಚು ಆತಂಕದ ಸಂಗತಿ, ಏಕೆಂದರೆ ಆಗ ಎಚ್ಚರಿಸಬೇಕಾದ ಯಂತ್ರ ಮೂಕವಾಗುತ್ತದೆ, ಹೊರಗಿನಿಂದ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ.

ಮೈಗೆ ತಾಗಿದಾಗ ಆಗುವ ಕೇಡು ದ್ರವದ ಸ್ವಭಾವದಂತೆ ಬೇರೆ ಬೇರೆ. ಗಾಢ ಸಲ್ಫ್ಯೂರಿಕ್ ಆಮ್ಲ ಚರ್ಮದ ನೀರನ್ನು ಎಳೆದುಕೊಂಡು, ಬಿಸಿಯನ್ನು ಹುಟ್ಟಿಸಿ, ಮೇಲ್ಪದರದ ಸಸಾರಜನಕವನ್ನು ಹೆಪ್ಪುಗಟ್ಟಿಸುತ್ತದೆ. ಆ ಹೆಪ್ಪೇ ಒಂದಿಷ್ಟು ತಡೆಯಾಗಿ ನಿಲ್ಲುವುದೂ ಉಂಟು, ಉರಿ ಮಾತ್ರ ಕೂಡಲೇ ಗೊತ್ತಾಗುತ್ತದೆ. ಕ್ಷಾರ ಹಾಗಲ್ಲ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮದ ಕೊಬ್ಬನ್ನು ಸಾಬೂನಾಗಿಸಿ, ಜೀವಕೋಶಗಳನ್ನು ಕರಗಿಸುತ್ತ ಆಳಕ್ಕೆ ಇಳಿಯುತ್ತದೆ. ಮೊದಲು ಜಾರುಜಾರಾಗಿ ಅನ್ನಿಸುವುದಷ್ಟೆ, ನೋವು ತಡವಾಗಿ ಬರುವುದರಿಂದ ತಾಗಿದವರು ಅದನ್ನು ಒರೆಸಿಕೊಂಡು ಸುಮ್ಮನಾಗುತ್ತಾರೆ. ಕಣ್ಣಿಗೆ ಕ್ಷಾರ ಬಿದ್ದರೆ ಪಾರದರ್ಶಕ ಪಟಲವನ್ನು ದಾಟಿ ಒಳಗಿನ ಭಾಗಗಳಿಗೂ ತಲುಪಿ ದೃಷ್ಟಿಯನ್ನೇ ಕಳೆಯಬಲ್ಲದು. ಚಿಕಿತ್ಸೆಯ ಮೊದಲ ಹೆಜ್ಜೆ ಎರಡಕ್ಕೂ ಒಂದೇ: ತಾಗಿದ ಬಟ್ಟೆಯನ್ನು ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ತೊಳೆಯುವುದು, ಕಣ್ಣಾದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ತೊಳೆಯುತ್ತಲೇ ಆಸ್ಪತ್ರೆಗೆ ಸಾಗಿಸುವುದು. ಆಮ್ಲಕ್ಕೆ ಕ್ಷಾರ, ಕ್ಷಾರಕ್ಕೆ ನಿಂಬೆರಸ ಎಂದು ಮೈಮೇಲೆ ಸುರಿಯುವುದು ಬಿಸಿ ಹೆಚ್ಚಿಸಿ ಗಾಯವನ್ನು ಕೆಡಿಸುವುದರಿಂದ ಅದನ್ನು ಮಾಡಲೇಬಾರದು; ನುಂಗಿದವರಿಗೆ ವಾಂತಿ ಮಾಡಿಸಿದರೆ ಗಂಟಲು ಎರಡನೆಯ ಸಲ ಸುಡುತ್ತದೆ. ಸೀಸದ ಕೇಡು ಇನ್ನೊಂದು ಬಗೆಯದು, ಉರಿಯಿಲ್ಲದ್ದು, ಮೆಲ್ಲಗೆ ಸೇರಿಕೊಳ್ಳುವಂಥದ್ದು. ಬೆಳೆಯುವ ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ.

ಈಗ ಪೂಜ್ಯಪಾದರ ವಿವರಣೆಗೆ ಮರಳಿದರೆ, ಅಜೀವಾಧಿಕರಣವನ್ನು ಸೂತ್ರವು ನಿರ್ವರ್ತನಾ, ನಿಕ್ಷೇಪ, ಸಂಯೋಗ, ನಿಸರ್ಗ ಎಂದು ವಿಭಾಗಿಸುತ್ತದೆ. ನಿರ್ವರ್ತನಾ ಎಂದರೆ ವಸ್ತುವನ್ನು ಉಂಟುಮಾಡುವುದು, ನಿಕ್ಷೇಪವೆಂದರೆ ಇಡುವುದು, ಸಂಯೋಗವೆಂದರೆ ಒಂದಕ್ಕೊಂದು ಕೂಡಿಸುವುದು, ನಿಸರ್ಗವೆಂದರೆ ಇಲ್ಲಿ ಪ್ರಕೃತಿಯಲ್ಲ, ಮೈ ಮಾತು ಮನಸ್ಸುಗಳ ಪ್ರವೃತ್ತಿಯನ್ನು ಹೊರಬಿಡುವುದು. ಇವುಗಳಲ್ಲಿ ನಿಕ್ಷೇಪವನ್ನು ಸರ್ವಾರ್ಥಸಿದ್ಧಿ ನಾಲ್ಕಾಗಿ ಬಿಡಿಸಿದೆ: ನೋಡದೆ ಇಡುವುದು ಅಪ್ರತ್ಯವೇಕ್ಷಿತ ನಿಕ್ಷೇಪ, ಸರಿಯಾಗಿ ಶುಚಿಮಾಡದ ಜಾಗದಲ್ಲಿ ಇಡುವುದು ದುಷ್ಪ್ರಮೃಷ್ಟ ನಿಕ್ಷೇಪ, ಅವಸರದಲ್ಲಿ ಇಡುವುದು ಸಹಸಾ ನಿಕ್ಷೇಪ, ಗಮನವಿಲ್ಲದೆ ಎಲ್ಲೆಂದರಲ್ಲಿ ಇಡುವುದು ಅನಾಭೋಗ ನಿಕ್ಷೇಪ. ಕಮಂಡಲು, ಪುಸ್ತಕ, ನವಿಲುಗರಿಯ ಪಿಂಛಿಗಳಷ್ಟೇ ಕೈಯಲ್ಲಿದ್ದ ಮುನಿಗಳ ನಡುವೆ ಹುಟ್ಟಿದ ಈ ವಿಭಾಗ ಆಸ್ಪತ್ರೆಯ ಉಗ್ರಾಣಕ್ಕೆ ಹೊಂದುವ ಪರಿ ಆಶ್ಚರ್ಯಕರ. ಹಳೆಯ ಸೆಲ್ಲನ್ನು ತೆಗೆದು ಸೋರಿದೆಯೋ ಇಲ್ಲವೋ ಎಂದು ನೋಡದೆ ಮೇಜಿನ ಮೇಲಿಡುವುದು ಮೊದಲನೆಯದು. ಸೋರಿದ ಸೆಲ್ ಕೂತಿದ್ದ ಗೂಡನ್ನು ತೊಳೆದು ಒಣಗಿಸದೆ ಹೊಸದನ್ನು ಕೂರಿಸುವುದು ಎರಡನೆಯದು. ಮೂರನೆಯದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ, ರಾತ್ರಿ ಪಾಳಿಯಲ್ಲಿ ಒಬ್ಬರೇ ಮೂರು ವಾರ್ಡುಗಳನ್ನು ನೋಡಿಕೊಳ್ಳಬೇಕಾದ ಎಡೆಯಲ್ಲೆಲ್ಲ ಅದು ಇದ್ದೇ ಇರುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಸಾಮಾನ್ಯ ಮತ್ತು ಎಲ್ಲಕ್ಕಿಂತ ಕೆಟ್ಟದ್ದು: ಮುಗಿದ ಸೆಲ್ ಅಂಗಿಯ ಜೇಬಿಗೆ, ಔಷಧಿಯ ಖಾಲಿ ಪೆಟ್ಟಿಗೆಗೆ, ಕಿಟಕಿಯ ಕಟ್ಟೆಗೆ, ಅಲ್ಲಿಂದ ಗುಡಿಸುವವರ ಬುಟ್ಟಿಗೆ ಹೋಗುವುದು.

ಮುನಿಗಳ ಆಚಾರದಲ್ಲಿ ಇದಕ್ಕೆ ಎದುರಾಗಿ ನಿಂತಿರುವುದು ಸಮಿತಿಗಳು. ಸಮಿತಿಯೆಂದರೆ ಇಲ್ಲಿ ಸಭೆಯಲ್ಲ, ಎಚ್ಚರದ ನಡೆ. ನಡೆಯುವುದರಲ್ಲಿ ಎಚ್ಚರವಾದ ಈರ್ಯಾ, ಮಾತಿನಲ್ಲಿ ಎಚ್ಚರವಾದ ಭಾಷಾ, ಆಹಾರದಲ್ಲಿ ಎಚ್ಚರವಾದ ಏಷಣಾ ಇವುಗಳಾದ ಮೇಲೆ ಬರುವ ಎರಡು, ಎತ್ತುವ ಮತ್ತು ಇಡುವ ಎಚ್ಚರವಾದ ಆದಾನನಿಕ್ಷೇಪಣ, ವಿಸರ್ಜಿಸುವ ಎಚ್ಚರವಾದ ಉತ್ಸರ್ಗ, ಈ ವಿಷಯಕ್ಕೆ ನೇರವಾಗಿ ಸೇರಿದವು. ಬೇಡವಾದದ್ದನ್ನು ಬಿಡುವ ಮುನ್ನ ಬಿಡುವ ನೆಲದಲ್ಲಿ ಯಾವ ಜೀವವಿದೆಯೆಂದು ನೋಡಬೇಕು ಎಂಬುದು ಉತ್ಸರ್ಗದ ತಿರುಳು. ಬಿಟ್ಟ ವಸ್ತುವಿನ ಹೊಣೆ ಕೈಬಿಟ್ಟ ಕ್ಷಣಕ್ಕೆ ಮುಗಿಯುವುದಿಲ್ಲ ಎಂಬ ನಿಲುವು ಅದರೊಳಗೆ ಇದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯ ನಿರ್ವಹಣೆಯ ನಿಯಮಗಳು ವೈದ್ಯಕೀಯ ಸಾಧನಗಳನ್ನೂ ಪ್ರಯೋಗಾಲಯದ ಮತ್ತು ಅಳತೆಯ ಉಪಕರಣಗಳನ್ನೂ ತಮ್ಮ ವ್ಯಾಪ್ತಿಗೆ ತೆಗೆದುಕೊಂಡು, ಅವುಗಳ ಕೊನೆಯ ವಿಲೇವಾರಿಯ ಭಾರವನ್ನು ತಯಾರಿಸಿದವರ ಮೇಲೂ ಹೊರಿಸಿವೆ. ಕಾನೂನು ಇಷ್ಟು ತಡವಾಗಿ ತಲುಪಿದ ನಿಲುವಿಗೆ ಮುನಿಯ ಆಚಾರ ಎಂದೋ ತಲುಪಿತ್ತು.

ಆದರೆ ಹಿಂಸೆಯನ್ನು ಅಳೆಯುವ ಕೋಲು ಯಾವುದು ಎಂಬ ಮೂಲ ಪ್ರಶ್ನೆ ಇನ್ನೂ ಉಳಿದಿದೆ. ಏಳನೆಯ ಅಧ್ಯಾಯದಲ್ಲಿ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮತ್ತಯೋಗವನ್ನು, ಎಂದರೆ ಎಚ್ಚರಗೆಟ್ಟ ಮನಸ್ಸಿನ ವ್ಯಾಪಾರವನ್ನು ಸೇರಿಸುತ್ತದೆ. ವ್ಯಾಖ್ಯಾನದಲ್ಲಿ ಪೂಜ್ಯಪಾದರು ತಲುಪುವ ತೀರ್ಮಾನದಂತೆ, ಎಚ್ಚರದಿಂದ ನಡೆಯುವವನ ಕಾಲಡಿ ಹುಳುವೊಂದು ಸತ್ತರೂ ಅವನಿಗೆ ಹಿಂಸೆಯ ಬಂಧವಿಲ್ಲ, ಎಚ್ಚರವಿಲ್ಲದವನಿಂದ ಯಾವ ಜೀವವೂ ಸಾಯದಿದ್ದರೂ ಅವನು ಹಿಂಸೆಯಿಂದ ಹೊರಗಲ್ಲ. ಸಾವಿನ ಲೆಕ್ಕದಿಂದ ತಪ್ಪನ್ನು ಅಳೆಯುವವರಿಗೆ ಇದು ತಲೆಕೆಳಗಾದ ಮಾತಾಗಿ ಕಾಣುತ್ತದೆ. ಆದರೆ ಚಾಮರಾಜನಗರ ಜಿಲ್ಲೆ ಕಂಡ ಎರಡು ದುರಂತಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಅದರ ಬಲ ತಿಳಿಯುತ್ತದೆ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದವನ್ನು ತಿಂದು 17 ಮಂದಿ ಸತ್ತರು. ಬೇಕೆಂದೇ ವಿಷ ಬೆರೆಸಿದ ಆರೋಪದ ಆ ಪ್ರಕರಣ ಜೈನರು ಸಂಕಲ್ಪೀ ಹಿಂಸೆ ಎನ್ನುವ, ಎಂದರೆ ಮನಸ್ಸು ಮಾಡಿ ಮಾಡುವ ಹಿಂಸೆಯ ಸಾಲಿಗೆ ಸೇರುತ್ತದೆ, ಅದನ್ನು ಖಂಡಿಸುವುದಕ್ಕೆ ಯಾವ ದರ್ಶನದ ನೆರವೂ ಬೇಕಾಗಿಲ್ಲ. 2021ರ ಮೇ 2ರ ರಾತ್ರಿಯಿಂದ ಮರುದಿನದವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತಾಗ ಯಾರೂ ಯಾರನ್ನೂ ಕೊಲ್ಲಬೇಕೆಂದುಕೊಂಡಿರಲಿಲ್ಲ. ಉಚ್ಚ ನ್ಯಾಯಾಲಯ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿಯು ಆ ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿತ್ತೆಂದು ಕಂಡುಕೊಂಡಿತು. ಸುಳ್ವಾಡಿಯಲ್ಲಿ ಕೈಗಳನ್ನು ತೋರಿಸಬಹುದು. ಇಲ್ಲಿ ತೋರಿಸಲು ಸಿಗುವುದು ಬರೆಯಬೇಕಾಗಿದ್ದು ಬರೆಯದ, ಕೇಳಬೇಕಾಗಿದ್ದು ಕೇಳದ, ಕಳುಹಿಸಬೇಕಾಗಿದ್ದು ಕಳುಹಿಸದ ಹಲವು ಗಳಿಗೆಗಳು. ಪ್ರಮತ್ತಯೋಗದ ಕಲ್ಪನೆಯಿಲ್ಲದೆ ಇಂಥದ್ದನ್ನು ಹಿಂಸೆ ಎಂದು ಕರೆಯುವ ಮಾತೇ ಮನುಷ್ಯನ ಬಳಿ ಇರುವುದಿಲ್ಲ, ಉಳಿಯುವುದು ವಿಧಿಯೆಂಬ ಮಾತು ಮಾತ್ರ.

ಸಂವೇದಕದ ಆಮ್ಲ ಸುಡುವುದೂ ಈ ಎರಡನೆಯ ಬಗೆಗೇ ಸೇರುತ್ತದೆ, ಪ್ರಮಾಣ ಎಷ್ಟೇ ಚಿಕ್ಕದಾದರೂ. ಇಲ್ಲಿ ಹೊಣೆ ಒಬ್ಬರಿಂದೊಬ್ಬರಿಗೆ ಜಾರುವುದು ಸುಲಭ: ತಯಾರಕನು ಎಚ್ಚರಿಕೆಯ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟಿದ್ದಾನೆ, ಅದು ಇರುವುದು ಇಂಗ್ಲಿಷಿನಲ್ಲಿ, ಸರಬರಾಜು ಮಾಡಿದವನು ಪೆಟ್ಟಿಗೆಯನ್ನು ತಲುಪಿಸಿದ್ದಾನೆ, ಕಚೇರಿ ರಸೀದಿಯನ್ನು ಕಡತಕ್ಕೆ ಸೇರಿಸಿದೆ, ತಂತ್ರಜ್ಞನಿಗೆ ಕೈಗವಸು ಬಂದಿಲ್ಲ, ಗುತ್ತಿಗೆಯ ಕಾರ್ಮಿಕನಿಗೆ ಡಬ್ಬಿಯೊಳಗೆ ಏನಿದೆಯೆಂದು ಯಾರೂ ಹೇಳಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ಮಾಡಿದ್ದಾರೆಂದು ತೋರಿಸಬಲ್ಲರು, ಕೊನೆಯವನ ಹೊರತು. ಜೀವಾಧಿಕರಣವನ್ನು ವಿವರಿಸುವ ಸೂತ್ರ ಈ ಜಾರಿಕೆಗೆ ಎಡೆಗೊಡುವುದಿಲ್ಲ. ಅದರ ಪ್ರಕಾರ ಒಂದು ಕೃತ್ಯಕ್ಕೆ ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತಗಳು. ಮನಸ್ಸು, ಮಾತು, ಮೈ ಎಂಬ ಮೂರು ದಾರಿಗಳು. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರು ಬಗೆಗಳು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು, ಎಂದರೆ ಆತ್ಮವನ್ನು ಕಲುಷಿತಗೊಳಿಸುವ ವಿಕಾರಗಳು. ಎಲ್ಲವನ್ನೂ ಗುಣಿಸಿದರೆ 108 ಭೇದಗಳಾಗುತ್ತವೆ. ಈ ಲೆಕ್ಕದಲ್ಲಿ ಮಾಡಿಸಿದವನ ಪಾಲು ಮಾಡಿದವನ ಪಾಲಿನಿಂದ ಕಳೆದು ಬರುವುದಿಲ್ಲ, ಒಪ್ಪಿದವನ ಪಾಲು ಇಬ್ಬರ ಪಾಲಿನಿಂದಲೂ ಕಳೆದು ಬರುವುದಿಲ್ಲ; ಹೊಣೆ ಹಂಚಿದಷ್ಟೂ ತೆಳುವಾಗುವ ಪದಾರ್ಥವಲ್ಲ, ಪ್ರತಿಯೊಬ್ಬರಲ್ಲೂ ಇಡಿಯಾಗಿ ನಿಲ್ಲುವಂಥದ್ದು. ಕಡಿಮೆ ಬೆಲೆಯ ಟೆಂಡರಿಗೆ ರುಜು ಹಾಕಿದ ಲೋಭವೂ, ಪ್ರಶ್ನೆ ಕೇಳಿದ ಕಿರಿಯ ನೌಕರನನ್ನು ಗದರಿಸಿದ ಮಾನವೂ ಇಲ್ಲಿ ಎಣಿಕೆಗೆ ಬರುತ್ತವೆ.

ಗೃಹಸ್ಥರ ವ್ರತಗಳಲ್ಲಿ ಇದಕ್ಕಿಂತಲೂ ನೇರವಾದ ಒಂದು ಮಾತಿದೆ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಮಾಡುವ ಕೇಡು. ಅದರ ಐದು ಬಗೆಗಳಲ್ಲಿ ಹಿಂಸಾಪ್ರದಾನ ಒಂದು, ಎಂದರೆ ವಿಷ, ಆಯುಧ, ಬೆಂಕಿಯಂಥ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಅವಧಿ ಮುಗಿದ ಯಂತ್ರಗಳನ್ನು ಒಳಗಿನ ಸೆಲ್ ತೆಗೆಯದೆ, ಏನಿದೆಯೆಂದು ಹೇಳದೆ ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕುವುದು ಹಿಂಸಾಪ್ರದಾನವಲ್ಲದೆ ಮತ್ತೇನೂ ಅಲ್ಲ. ಗುಜರಿಯಲ್ಲಿ ಸುತ್ತಿಗೆ ಹಿಡಿದು ಕೂತವನಿಗೆ ಸೀಸವೆಂದರೆ ಕಾಸು. ಅವನು ಡಬ್ಬಿಯನ್ನು ಒಡೆಯುತ್ತಾನೆ, ಒಡೆಯುವುದೇ ಅವನ ಜೀವನ. ಗುಂಡ್ಲುಪೇಟೆಯಂಥ ಊರು ಕೇರಳಕ್ಕೂ ತಮಿಳುನಾಡಿಗೂ ಹೆದ್ದಾರಿಗಳು ಕವಲೊಡೆಯುವ ಜಾಗ. ಅಲ್ಲಿ ಲಾರಿಗೆ ಏರಿದ ಮುರುಕಲು ಸಾಮಾನು ಯಾವ ರಾಜ್ಯದ ಯಾರ ಅಂಗಳದಲ್ಲಿ ಇಳಿಯುತ್ತದೆಂಬುದು ಕೊಟ್ಟವರಿಗೆ ತಿಳಿಯುವುದಿಲ್ಲ, ಆದರೂ ಕೊಟ್ಟವರು ಕೊಟ್ಟವರೇ.

ಈ ದರ್ಶನಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಗಟ್ಟಿಯಾದವು. ಕರ್ಮಸಿದ್ಧಾಂತ ಹಿಂಸೆಯ ಫಲವನ್ನು ಮಾಡಿದವನ ಆತ್ಮದೊಳಗೆ ಮಾತ್ರ ನೋಡುತ್ತದೆ, ಸುಟ್ಟ ಕೈಯವನಿಗೆ ಅದರಿಂದ ಮುಲಾಮೂ ಸಿಗುವುದಿಲ್ಲ, ಪರಿಹಾರವೂ ಸಿಗುವುದಿಲ್ಲ ಎಂಬುದು ಮೊದಲನೆಯದು. ಇನ್ನೂ ಮುಂದೆ ಹೋಗಿ, ಸುಟ್ಟದ್ದೂ ಅವನ ಹಿಂದಿನ ಕರ್ಮದಿಂದಲೇ ಎಂದು ಹೇಳುವ ಬಾಯಿಗಳೂ ಇವೆ. ಹಿಂದಿನ ಕರ್ಮದ ಈ ಮಾತನ್ನು ಯಾವ ರಿಯಾಯಿತಿಯೂ ಇಲ್ಲದೆ ನಿರಾಕರಿಸಬೇಕು. ತನ್ನ ಎಚ್ಚರವನ್ನು ಪರೀಕ್ಷಿಸಿಕೊಳ್ಳಲು ಕೊಟ್ಟ ಸಿದ್ಧಾಂತವನ್ನು ಇನ್ನೊಬ್ಬನ ನೋವನ್ನು ವಿವರಿಸಲು ತಿರುಗಿಸುವುದು ಆ ಸಿದ್ಧಾಂತದ ದುರುಪಯೋಗ; ಪ್ರಮಾದದ, ಎಂದರೆ ಎಚ್ಚರಗೇಡಿನ ವಿಚಾರವೆಲ್ಲ ಮಾಡುವವನನ್ನು ಕುರಿತದ್ದು, ಅನುಭವಿಸುವವನನ್ನು ಕುರಿತದ್ದಲ್ಲ. ಪರಿಹಾರ ಸಿಗುವುದಿಲ್ಲವೆಂಬ ಮೊದಲನೆಯ ಆಕ್ಷೇಪ ಮಾತ್ರ ನಿಜ. ಗಾಯಗೊಂಡವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವ ಕೆಲಸ ಕಾನೂನಿನದು, 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿದ್ದು ಅಂಥ ಕೆಲಸ. ಅದನ್ನು ದರ್ಶನ ಮಾಡಲಾರದು, ಮಾಡುವೆನೆಂದು ಹೇಳಲೂಬಾರದು.

ಎರಡನೆಯ ಆಕ್ಷೇಪ ಸಮಾಜದ ಕಡೆಯಿಂದ ಬರುವುದು. ಮುನಿಯ ಉತ್ಸರ್ಗ ಸಮಿತಿಯಲ್ಲಿ ಬಿಡುವವನೂ ನೆಲವನ್ನು ನೋಡುವವನೂ ಒಬ್ಬನೇ. ಊರಿನಲ್ಲಿ ಹಾಗಿಲ್ಲ; ಬಿಡುವವರು ಒಬ್ಬರು, ಎತ್ತುವವರು ಇನ್ನೊಬ್ಬರು, ಎತ್ತುವವರು ಯಾರೆಂಬುದನ್ನು ಬಹುಕಾಲದಿಂದ ಹುಟ್ಟೇ ತೀರ್ಮಾನಿಸಿಬಿಟ್ಟಿದೆ. ಎಚ್ಚರದ ಫಲವೆಲ್ಲ ಒಂದು ಕಡೆಗೆ, ಎಚ್ಚರಗೇಡಿನ ಫಲವೆಲ್ಲ ಇನ್ನೊಂದು ಕಡೆಗೆ ಹೋಗುವ ಇಂಥ ಏರ್ಪಾಡಿನಲ್ಲಿ ಸಮಿತಿಯನ್ನು ಒಬ್ಬರ ಖಾಸಗಿ ಶುದ್ಧಿಯೆಂದು ತಿಳಿದರೆ ಅದು ಸುಳ್ಳಾಗುತ್ತದೆ. ಚಾಮರಾಜನಗರದಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ಸಿಗುವ ನಂಜನಗೂಡಿನ ನಂಜುಂಡೇಶ್ವರ ಲೋಕವನ್ನು ಉಳಿಸಲು ಹಾಲಾಹಲವನ್ನು ಕುಡಿದು ಗಂಟಲಲ್ಲಿ ತಡೆದುಕೊಂಡ ದೇವರು. ಈ ಸೀಮೆಯ ಜನ ಅವನಿಗೆ ನಡೆದುಕೊಳ್ಳುವುದು ಭಕ್ತಿಯಿಂದ. ಆದರೆ ದೇವರು ಮನಸಾರೆ ಮಾಡಿದ್ದನ್ನು ಪೌರಕಾರ್ಮಿಕರ ಮೇಲೆ ಕಡ್ಡಾಯವಾಗಿ ಹೊರಿಸಿ, ಆಮೇಲೆ ಶಾಲು ಹೊದಿಸಿ ತ್ಯಾಗಜೀವಿಗಳೆಂದು ಹೊಗಳುವುದು ಭಕ್ತಿಯೂ ಅಲ್ಲ, ಕೃತಜ್ಞತೆಯೂ ಅಲ್ಲ. ಅವರಿಗೆ ಬೇಕಾದದ್ದು ಕೈಗವಸು, ಕಣ್ಣಿಗೆ ಕನ್ನಡಕ, ಹತ್ತಿರದಲ್ಲಿ ಹರಿಯುವ ನೀರಿನ ನಲ್ಲಿ, ಬೇರೆಯಾಗಿಟ್ಟ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಅದರ ಮೇಲೆ ಕನ್ನಡದಲ್ಲಿ ಬರೆದ ಎರಡು ಸಾಲು.

ಜೈನ ಆಚಾರದ ಒಂದು ಅಂಗ ಆಲೋಚನಾ, ಎಂದರೆ ತನ್ನಿಂದಾದ ತಪ್ಪನ್ನು ಗುರುವಿನ ಮುಂದೆ ಮುಚ್ಚಿಡದೆ ನಿವೇದಿಸುವುದು. ತಪ್ಪು ಮಾಡಿದ್ದಕ್ಕಿಂತ ನಿವೇದಿಸುವಾಗ ಮಾಡುವ ಮೋಸದ ಮೇಲೆ ಶಾಸ್ತ್ರಕ್ಕೆ ಹೆಚ್ಚು ಕಣ್ಣಿರುವಂತಿದೆ, ಏಕೆಂದರೆ ನಿವೇದನೆಯಲ್ಲೇ ಹತ್ತು ದೋಷಗಳನ್ನು ಅದು ಎಣಿಸಿದೆ: ಕಾಣಿಕೆ ಕೊಟ್ಟು ಗುರುವಿನ ಮನಸ್ಸನ್ನು ಮೆದುಮಾಡಿಕೊಳ್ಳುವುದು, ದೊಡ್ಡ ತಪ್ಪನ್ನಷ್ಟೇ ಹೇಳಿ ಚಿಕ್ಕದನ್ನು ಬಿಡುವುದು, ಎಲ್ಲರೂ ಗದ್ದಲದಲ್ಲಿರುವಾಗ ಕೇಳಿಸದಂತೆ ಹೇಳಿ ಮುಗಿಸುವುದು ಅವುಗಳಲ್ಲಿ ಕೆಲವು. ಬೇರೆಯವರ ಕಣ್ಣಿಗೆ ಬಿದ್ದ ತಪ್ಪನ್ನು ಮಾತ್ರ ಒಪ್ಪಿ ಉಳಿದುದನ್ನು ಅಡಗಿಸುವ ದೋಷಕ್ಕೆ ದೃಷ್ಟ ಎಂದು ಹೆಸರು. ಚಾಮರಾಜನಗರದ 24 ಸಾವುಗಳಲ್ಲಿ ಆಮ್ಲಜನಕದ ಕೊರತೆಯಿಂದ ಆದವು ಮೂರೇ ಎಂದು ಸರ್ಕಾರ ಮೊದಲು ಹೇಳಿದ್ದನ್ನು ಓದುವವರಿಗೆ ಆ ಹೆಸರು ನೆನಪಾಗದೆ ಇರದು. ಸೋರಿದ ಸಂವೇದಕದ ಮಟ್ಟಿಗೆ ಈ ಶಾಸ್ತ್ರ ಕೇಳುವುದು ತೀರಾ ಸಾಮಾನ್ಯವಾದೊಂದು ಕೆಲಸವನ್ನು: ಯಾರಿಗೂ ಸುಡದೆ, ಯಾರೂ ನೋಡದೆ ಒರೆಸಿಹಾಕಬಹುದಾಗಿದ್ದ ಸೋರಿಕೆಯನ್ನೂ ದಿನಾಂಕ ಹಾಕಿ ದಪ್ತರದಲ್ಲಿ ಬರೆಯುವುದು, ಬರೆದವನನ್ನು ದಂಡಿಸದಿರುವುದು, ಮತ್ತು ಆ ಸೆಲ್ಲನ್ನು ತಂದ ದಿನ, ಮುಗಿಯುವ ದಿನ, ಕೊನೆಗೆ ಹೋದ ಜಾಗ ಇವು ಮೂರೂ ಅದೇ ಪುಟದಲ್ಲಿ ಇರುವಂತೆ ನೋಡಿಕೊಳ್ಳುವುದು.